‘ಇಂಗ್ಲಿಷ್ ಬರುತ್ತದೆ’ ಎಂದರೆ ಎಷ್ಟು ಬರುತ್ತದೆ?

ಮಾನ್ಯರೇ,

ಇಂಗ್ಲಿಷ್ ಕೋರ್ಸುಗಳ ಜಾಹೀರಾತು, ಉದ್ಯೋಗ ಪ್ರಕಟಣೆ, ಅಭ್ಯರ್ಥಿಗಳ ಬಯೋಡೇಟಾ ಎಲ್ಲದರಲ್ಲೂ ಅವೇ ಮೂರು ಪದಗಳು ಓಡಾಡುತ್ತವೆ: ಬೇಸಿಕ್, ಇಂಟರ್‌ಮೀಡಿಯೆಟ್, ಅಡ್ವಾನ್ಸ್ಡ್. ಯಾರು ಬೇಕಾದರೂ ಯಾವುದನ್ನು ಬೇಕಾದರೂ ಅಂಟಿಸಿಕೊಳ್ಳಬಹುದು, ಕೇಳುವವರಿಲ್ಲ. ಒಂದು ಸಂಸ್ಥೆಯ ಅಡ್ವಾನ್ಸ್ಡ್ ತರಗತಿ ಇನ್ನೊಂದರ ಇಂಟರ್‌ಮೀಡಿಯೆಟ್‌ಗಿಂತ ಸುಲಭವಾಗಿರುವುದೂ ಉಂಟು. ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಲಿಯುವವರ ದುಡ್ಡು, ಸಮಯ ಪೋಲಾಗುವುದು ಹೆಚ್ಚಾಗಿ ಇಲ್ಲೇ. ತಮಗೆ ಹೊಂದದ ತರಗತಿಗೆ ಸೇರಿ, ಹೊಂದದ ಪುಸ್ತಕ ಹಿಡಿದು, ಕೆಲವು ತಿಂಗಳ ಮೇಲೆ ‘ನನ್ನ ತಲೆಗೆ ಇಂಗ್ಲಿಷ್ ಹತ್ತುವುದಿಲ್ಲ’ ಎಂದು ಕೈಬಿಡುವವರು ಬಹಳ. ಅವರಲ್ಲಿ ಅನೇಕರಿಗೆ ಆಗಿರುವುದು ಇಷ್ಟೇ, ಮಟ್ಟದ ಅಂದಾಜು ತಪ್ಪಿದೆ.

ಅಳತೆಗೋಲೇ ಇಲ್ಲವೆಂದಲ್ಲ. ಯುರೋಪಿನ ದೇಶಗಳ ಸಂಘಟನೆಯಾದ ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಪ್ರಕಟಿಸಿದ ಸಿಇಎಫ್‌ಆರ್ ಎಂಬ ಚೌಕಟ್ಟು ಭಾಷಾ ಸಾಮರ್ಥ್ಯವನ್ನು ಎ1, ಎ2, ಬಿ1, ಬಿ2, ಸಿ1, ಸಿ2 ಎಂದು ಆರು ಮಟ್ಟಗಳಾಗಿ ವಿಂಗಡಿಸಿದೆ; ಎ1 ಎಲ್ಲಕ್ಕಿಂತ ಕೆಳಗಿನದು, ಸಿ2 ಎಲ್ಲಕ್ಕಿಂತ ಮೇಲಿನದು. ಪಠ್ಯಪುಸ್ತಕಗಳ ರಕ್ಷಾಪುಟದಲ್ಲಿ, ಪರೀಕ್ಷೆಗಳ ಅಂಕಪಟ್ಟಿಯಲ್ಲಿ ಈಗ ಕಾಣುವ ಸಂಕೇತಗಳು ಇವೇ. ಅದರ ಹಿಂದೆ ದಶಕಗಳ ಕೆಲಸವಿದೆ. ಇಂದಿನ ಬಿ1ಕ್ಕೆ ಆಧಾರವಾದ ‘ಥ್ರೆಶೋಲ್ಡ್ ಲೆವೆಲ್’ ವಿವರಣೆ ಹೊರಬಂದದ್ದು 1975ರಲ್ಲಿ. 2020ರ ಪೂರಕ ಸಂಪುಟ ಎ1ಕ್ಕಿಂತ ಕೆಳಗಿನ ‘ಪ್ರೀ-ಎ1’ ಮಟ್ಟವನ್ನೂ ವಿವರಿಸಿತು. ಇಂಗ್ಲಿಷ್ ಒಂದಕ್ಕೇ ಅಲ್ಲ, ಯಾವ ಭಾಷೆಗೂ ಇದನ್ನು ಬಳಸಬಹುದು.

ಈ ಚೌಕಟ್ಟಿನ ಪ್ರಶ್ನೆ ಒಂದೇ: ಆ ಭಾಷೆಯಲ್ಲಿ ನೀವು ಏನು ಮಾಡಬಲ್ಲಿರಿ? ಎಷ್ಟು ವರ್ಷ ಓದಿದಿರಿ, ಎಷ್ಟು ವ್ಯಾಕರಣ ಪಾಠ ಮುಗಿಸಿದಿರಿ ಎಂದು ಅದು ಕೇಳುವುದಿಲ್ಲ. ಸಿಇಎಫ್‌ಆರ್ ಎಂಬುದು ಪರೀಕ್ಷೆಯಲ್ಲ, ಪಠ್ಯಕ್ರಮವೂ ಅಲ್ಲ. ಕೌನ್ಸಿಲ್ ಆಫ್ ಯುರೋಪ್ ಯಾರಿಗೂ ‘ಬಿ2 ಪಾಸು’ ಎಂಬ ಸರ್ಟಿಫಿಕೇಟ್ ಕೊಡುವುದಿಲ್ಲ, ಯಾವ ಕೋರ್ಸಿಗೂ ಮುದ್ರೆ ಒತ್ತುವುದಿಲ್ಲ. ‘ಸಿಇಎಫ್‌ಆರ್ ಮಾನ್ಯತೆ ಪಡೆದ ಕೋರ್ಸ್’ ಎಂಬ ಫಲಕ ಕಂಡರೆ, ಮಾನ್ಯತೆ ಕೊಟ್ಟವರು ಯಾರು ಎಂದು ಕೇಳಿ ನೋಡಿ.

ಮಟ್ಟಗಳ ವ್ಯತ್ಯಾಸ ತಿಳಿಯಲು ಒಂದೇ ಸಂದರ್ಭ ಇಟ್ಟುಕೊಳ್ಳೋಣ. ಇಂದು ಒಪ್ಪಿಸಬೇಕಿದ್ದ ವರದಿ ಮುಗಿದಿಲ್ಲ ಎಂದು ಮೇಲಧಿಕಾರಿಗೆ ಫೋನಿನಲ್ಲಿ ಇಂಗ್ಲಿಷಿನಲ್ಲೇ ಹೇಳಬೇಕು. ಎ1 ಮಟ್ಟದವರು ‘ಸಾರಿ ಸರ್, ರಿಪೋರ್ಟ್ ನಾಟ್ ರೆಡಿ’ ಎಂದಾರು. ಅತ್ತಲಿಂದ ನಿಧಾನವಾಗಿ, ಬಿಡಿಸಿ ಕೇಳಿದರೆ ‘ಟುಮಾರೋ’ ಎಂದು ಉತ್ತರಿಸಬಲ್ಲರು. ಎ2 ಮಟ್ಟದವರು ಪೂರ್ಣ ವಾಕ್ಯ ಕಟ್ಟುತ್ತಾರೆ: ‘ಐ ಡಿಡ್ ನಾಟ್ ಫಿನಿಶ್ ದ ರಿಪೋರ್ಟ್. ಐ ವಿಲ್ ಸೆಂಡ್ ಇಟ್ ಟುಮಾರೋ.’ ಆದರೆ ವಾಕ್ಯಗಳು ಒಂದರ ಪಕ್ಕ ಒಂದು ನಿಂತಿರುತ್ತವೆ, ಮಾತು ಸರಪಳಿಯಾಗುವುದಿಲ್ಲ; ನಿರೀಕ್ಷಿಸದ ಪ್ರಶ್ನೆ ಬಂದರೆ ಅಲ್ಲಿಗೆ ನಿಲ್ಲುತ್ತದೆ. ಬಿ1ರಲ್ಲಿ ಕಾರಣ ಬರುತ್ತದೆ, ಕ್ರಮ ಬರುತ್ತದೆ: ಯಾವ ಅಂಕಿ ಸಿಗಲಿಲ್ಲ, ಯಾರನ್ನು ಕೇಳಿದೆ, ಆಮೇಲೆ ಏನಾಯಿತು, ಹಾಗಾಗಿ ಯಾವಾಗ ಕೊಡುತ್ತೇನೆ. ತಡವರಿಕೆ ಇರುತ್ತದೆ, ತಪ್ಪುಗಳಿರುತ್ತವೆ, ಕೆಲಸ ಮಾತ್ರ ಆಗುತ್ತದೆ. ಬಿ2 ಮಟ್ಟದವರ ಗುರುತು ಮೇಲಧಿಕಾರಿ ತಕರಾರು ತೆಗೆದಾಗ ಸಿಗುತ್ತದೆ. ಅವರು ಆಕ್ಷೇಪಕ್ಕೆ ಉತ್ತರ ಕೊಡುತ್ತಾರೆ, ಬೇರೆ ದಾರಿ ಸೂಚಿಸುತ್ತಾರೆ, ‘ಮೊದಲೇ ತಿಳಿಸಿದ್ದರೆ ಹೀಗಾಗುತ್ತಿರಲಿಲ್ಲ’ ಎಂಬಂಥ ವಾಕ್ಯವನ್ನು ಹೆಚ್ಚು ತಡಕಾಡದೆ ಹೇಳುತ್ತಾರೆ. ಸಿ1ರವರು ತಪ್ಪು ತಂಡದ್ದೆಂದು ಯಾರ ಹೆಸರನ್ನೂ ಎತ್ತದೆ ಸೂಚಿಸಬಲ್ಲರು, ಕೇಳುವವರ ಸಿಟ್ಟಿನ ಧ್ವನಿಗೆ ತಕ್ಕಂತೆ ಮಾತಿನ ಗತ್ತು ಬದಲಿಸಬಲ್ಲರು. ಸಿ2 ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬಹುತೇಕ ಉದ್ಯೋಗ, ಓದಿಗೆ ಅದರ ಅಗತ್ಯವೇ ಬೀಳುವುದಿಲ್ಲ.

ಎ2 ಮತ್ತು ಬಿ1ರ ನಡುವಿನ ಗೆರೆ, ವಾಕ್ಯಗಳನ್ನು ಒಂದಕ್ಕೊಂದು ಜೋಡಿಸುವ ಶಕ್ತಿ. ಬಿ1 ಮತ್ತು ಬಿ2ರ ನಡುವಿನದು, ಎದುರಿನವರಿಗೆ ಆಗುವ ಶ್ರಮ. ಬಿ1 ಮಟ್ಟದವರೊಡನೆ ಮಾತಾಡುವಾಗ ಕೇಳುಗ ಕಾಯಬೇಕು, ಊಹಿಸಬೇಕು, ಕೆಲವೊಮ್ಮೆ ಪದ ಒದಗಿಸಬೇಕು. ಬಿ2ರಲ್ಲಿ ಆ ಭಾರ ಇಳಿಯುತ್ತದೆ. ತಪ್ಪುಗಳ ವಿಷಯದಲ್ಲೂ ಹೀಗೆಯೇ ನೋಡಬೇಕು. ಕಾಲರೂಪ ಬೆರಸುವುದು, ‘ಹಿ ಗೋ’ ಎನ್ನುವುದು ಪದೇಪದೇ ಆಗುತ್ತಿದ್ದರೆ ಅದು ಎ2ರ ಲಕ್ಷಣ. ಬಿ2 ಮಟ್ಟದಲ್ಲೂ ತಪ್ಪು ಬೀಳುತ್ತದೆ, ಆದರೆ ಅರ್ಥ ಕೆಡುವಂಥದಲ್ಲ; ಬಿದ್ದರೂ ಹೆಚ್ಚಿನವನ್ನು ಮಾತಾಡುವವರೇ ತಿದ್ದಿಕೊಳ್ಳುತ್ತಾರೆ. ಕನ್ನಡದಂತೆ ಆರ್ಟಿಕಲ್ ಇಲ್ಲದ ಭಾಷೆಯಿಂದ ಬಂದವರಿಗೆ ‘ಎ’, ‘ದ’ಗಳ ಗೊಂದಲ ತುಂಬಾ ಮೇಲಿನ ಮಟ್ಟದವರೆಗೂ ಉಳಿಯುತ್ತದೆ. ಅದೊಂದನ್ನೇ ಹಿಡಿದು ಯಾರನ್ನೂ ಕೆಳಮಟ್ಟಕ್ಕೆ ತಳ್ಳಬಾರದು.

ಇನ್ನು ‘30 ದಿನಗಳಲ್ಲಿ ನಿರರ್ಗಳ ಇಂಗ್ಲಿಷ್’ ಎಂಬ ಮಾತು. ಕೇಂಬ್ರಿಜ್ ಪರೀಕ್ಷಾ ಸಂಸ್ಥೆ ಕೊಡುವ ಅಂದಾಜಿನಂತೆ ಸೊನ್ನೆಯಿಂದ ಹೊರಟವರು ಎ2 ತಲುಪಲು 180ರಿಂದ 200 ಗಂಟೆ, ಬಿ1ಕ್ಕೆ 350ರಿಂದ 400, ಬಿ2ಕ್ಕೆ 500ರಿಂದ 600, ಸಿ1ಕ್ಕೆ 700ರಿಂದ 800, ಸಿ2ಕ್ಕೆ 1000ದಿಂದ 1200 ಗಂಟೆ ಬೇಕು. ಇವೆಲ್ಲ ಬೋಧಕರ ಮಾರ್ಗದರ್ಶನದಲ್ಲಿ ಕಳೆದ ಗಂಟೆಗಳು. ದಿನಕ್ಕೆ ಎರಡು ಗಂಟೆಯಂತೆ 30 ದಿನ ಕೂತರೂ ಆಗುವುದು 60 ಗಂಟೆ. ಅಷ್ಟರಲ್ಲಿ ಒಂದು ಇಡೀ ಮಟ್ಟ ಏರುವುದೂ ಅನುಮಾನ. ವಾರಕ್ಕೆ ಮೂರು ಗಂಟೆಯ ತರಗತಿ, ವರ್ಷಕ್ಕೆ 48 ವಾರ ಎಂದರೆ 144 ಗಂಟೆ. ಬಿ1ರಿಂದ ಬಿ2ಕ್ಕೆ ಹೋಗಲು ಇದು ಒಂದು ವರ್ಷಕ್ಕಿಂತ ಹೆಚ್ಚಿನ ದಾರಿ. ಮಾತೃಭಾಷೆ ಇಂಗ್ಲಿಷಿನಿಂದ ಎಷ್ಟು ದೂರವೋ ದಾರಿ ಅಷ್ಟು ಉದ್ದವಾಗುತ್ತದೆ. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್, ಇಂಗ್ಲಿಷ್ ಮನೆಮಾತಿನವರಿಗೆ ಜಪಾನೀಸ್ ಕಲಿಸಲು ಇಟ್ಟುಕೊಂಡಿರುವ ಲೆಕ್ಕ 2200 ತರಗತಿ ಗಂಟೆ. ಸ್ಪ್ಯಾನಿಶ್‌ಗೆ ಬೇಕಾಗುವುದರ ಸುಮಾರು ಮೂರು ಪಟ್ಟು. ಕನ್ನಡದಂಥ ಭಾಷೆಯಿಂದ ಇಂಗ್ಲಿಷಿನತ್ತ ಹೋಗುವವರಿಗೂ ದೂರದ ಕಷ್ಟ ಇದ್ದೇ ಇರುತ್ತದೆ.

ಮೆಟ್ಟಿಲುಗಳ ಎತ್ತರ ಒಂದೇ ಅಲ್ಲ ಎಂಬುದನ್ನು ಕಲಿಯುವವರಿಗೆ ಯಾರೂ ಹೇಳುವುದಿಲ್ಲ. ಮೇಲೆ ಹೋದಂತೆ ಪ್ರಗತಿ ಕಣ್ಣಿಗೆ ಕಾಣುವುದೇ ನಿಲ್ಲುತ್ತದೆ, ಮುಖ್ಯವಾಗಿ ಪದಗಳ ಕಾರಣಕ್ಕೆ. ‘ವರ್ಕ್, ವರ್ಕರ್, ವರ್ಕಿಂಗ್’ ಎಲ್ಲವನ್ನೂ ಒಂದು ಪದಕುಟುಂಬ ಎಂದು ಎಣಿಸಿದರೆ, ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಮೊದಲ 2000 ಕುಟುಂಬಗಳೇ ಸಾಮಾನ್ಯ ಬರಹದ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚನ್ನು ಆವರಿಸುತ್ತವೆ. ಹಾಗಾಗಿ ಆರಂಭದಲ್ಲಿ ಕಲಿತ ಪ್ರತಿ ಪದ ಮರುದಿನವೇ ಎದುರಾಗುತ್ತದೆ, ಕಲಿತದ್ದು ಕೆಲಸಕ್ಕೆ ಬಂತೆಂಬ ಖುಷಿ ಸಿಗುತ್ತದೆ. ಬಳಕೆಯ ಕ್ರಮದಲ್ಲಿ ಐದನೇ ಸಾವಿರದಲ್ಲಿ ಬರುವ ಪದ ವಾರಗಟ್ಟಲೆ ಮುಖ ತೋರಿಸುವುದಿಲ್ಲ. ಪದಸಂಪತ್ತಿನ ಸಂಶೋಧಕ ಪಾಲ್ ನೇಷನ್ 2006ರಲ್ಲಿ ಹಾಕಿದ ಲೆಕ್ಕದಂತೆ, ಪತ್ರಿಕೆ-ಕಾದಂಬರಿಗಳನ್ನು ಯಾರ ನೆರವಿಲ್ಲದೆ ಓದಲು 8000ದಿಂದ 9000 ಪದಕುಟುಂಬ ಬೇಕು, ಮಾತು ಅರ್ಥವಾಗಲು 6000ದಿಂದ 7000. ನೂರಕ್ಕೆ 98 ಪದ ಗೊತ್ತಿರಬೇಕು ಎಂಬ ಆಧಾರದ ಮೇಲೆ ಹಾಕಿದ ಲೆಕ್ಕವಿದು.

ಅತಿ ದೊಡ್ಡ ಗೊಂದಲ ಇರುವುದು ಒಬ್ಬರಿಗೆ ಒಂದೇ ಮಟ್ಟ ಎಂಬ ನಂಬಿಕೆಯಲ್ಲಿ. ಆಲಿಸುವುದು, ಓದುವುದು, ಮಾತು, ಬರಹ ನಾಲ್ಕೂ ಒಟ್ಟಿಗೆ ಬೆಳೆಯುವುದು ಅಪರೂಪ. ಸಿಇಎಫ್‌ಆರ್‌ನ ಸ್ವಮೌಲ್ಯಮಾಪನ ಪಟ್ಟಿ ಮಾತನ್ನೇ ಎರಡಾಗಿ ಒಡೆಯುತ್ತದೆ: ಒಬ್ಬರೇ ನಿಂತು ವಿವರಿಸುವುದು ಬೇರೆ, ಇನ್ನೊಬ್ಬರೊಡನೆ ಸಂಭಾಷಿಸುವುದು ಬೇರೆ. ಪುಸ್ತಕದಿಂದ ಕಲಿತವರ ಓದು ಬಿ2ರಲ್ಲಿದ್ದು ಸಂಭಾಷಣೆ ಎ2ರಲ್ಲಿರಬಹುದು. ಕೆಲಸದ ಜಾಗದಲ್ಲಿ ಕೇಳಿ ಕಲಿತವರದು ಇದಕ್ಕೆ ತಿರುವುಮುರುವು. ಇಬ್ಬರನ್ನೂ ‘ಇಂಟರ್‌ಮೀಡಿಯೆಟ್’ ಎಂದು ಒಂದೇ ಬೆಂಚಿನಲ್ಲಿ ಕೂರಿಸಿದರೆ ಇಬ್ಬರಿಗೂ ಉಪಯೋಗವಿಲ್ಲ.

ಸರಾಸರಿ ಹೇಗೆ ಮರೆಮಾಚುತ್ತದೆ ಎಂಬುದಕ್ಕೆ, ವಿದೇಶದಲ್ಲಿ ಓದಲು ಹೊರಟವರು ಬರೆಯುವ, ಒಂಬತ್ತರವರೆಗೆ ಅಂಕ ಕೊಡುವ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಲೆಕ್ಕವನ್ನೇ ನೋಡಬಹುದು. ಆಲಿಸುವುದರಲ್ಲಿ 7.5, ಓದಿನಲ್ಲಿ 7, ಬರಹದಲ್ಲಿ 5, ಮಾತಿನಲ್ಲಿ 5.5 ಬಂದರೆ ಒಟ್ಟು 25, ಸರಾಸರಿ 6.25. ಅಲ್ಲಿನ ನಿಯಮದಂತೆ .25 ಬಂದರೆ ಮುಂದಿನ ಅರ್ಧಕ್ಕೆ ಏರಿಸುತ್ತಾರೆ, ಅಂಕಪಟ್ಟಿಯಲ್ಲಿ ಒಟ್ಟಾರೆ 6.5 ಎಂದು ಮುದ್ರಣವಾಗುತ್ತದೆ. ಸ್ಥೂಲವಾಗಿ 5.5ರಿಂದ 6.5 ಬಿ2, 4ರಿಂದ 5 ಬಿ1, 7ರಿಂದ 8 ಸಿ1. ಅಂದರೆ ಈ ಅಭ್ಯರ್ಥಿ ಒಟ್ಟಾರೆ ಬಿ2ರ ತುದಿಯಲ್ಲಿ ಕಾಣುತ್ತಾರೆ, ಬರಹ ಮಾತ್ರ ಬಿ1ರಲ್ಲಿದೆ. ಪ್ರಬಂಧ ಬರೆಯುವ ಓದಿಗೆ ಹೊರಟಿದ್ದರೆ ಮೊದಲ ಅವಧಿಯಲ್ಲೇ ತೊಡಕು ಶುರು. ಅನೇಕ ವಿಶ್ವವಿದ್ಯಾಲಯಗಳು ಒಟ್ಟು ಅಂಕದ ಜೊತೆಗೆ ಪ್ರತಿ ಕೌಶಲಕ್ಕೂ ಕನಿಷ್ಠ ಅಂಕ ಕೇಳುವುದು ಇದಕ್ಕೇ. ಈ ಫಲಿತಾಂಶವನ್ನು ಸಾಮಾನ್ಯವಾಗಿ ಎರಡು ವರ್ಷ ಮಾತ್ರ ಪರಿಗಣಿಸುತ್ತಾರೆ. ಬಳಸದ ಭಾಷೆ ಜಂಗು ಹಿಡಿಯುತ್ತದೆ.

ದುಡ್ಡು ಕೊಟ್ಟು ಪರೀಕ್ಷೆ ಬರೆಯುವ ಮೊದಲು ಮನೆಯಲ್ಲೇ ತಕ್ಕಮಟ್ಟಿನ ಅಂದಾಜು ಮಾಡಿಕೊಳ್ಳಬಹುದು. ಅಂತರ್ಜಾಲದ ಹತ್ತು ನಿಮಿಷದ ಪರೀಕ್ಷೆಗಳನ್ನು ಇದಕ್ಕೆ ನಂಬಬೇಡಿ. ನಾಲ್ಕು ಆಯ್ಕೆಗಳ 40 ಪ್ರಶ್ನೆಗಳಲ್ಲಿ ಕಣ್ಣು ಮುಚ್ಚಿ ಗುರುತು ಹಾಕಿದರೂ ಸರಾಸರಿ 10 ಸರಿಯಾಗುತ್ತವೆ. ಮೇಲಾಗಿ ಅವು ಕೇಳುವುದು ಬಹುಪಾಲು ವ್ಯಾಕರಣವನ್ನೇ. ಶಾಲೆಯಲ್ಲಿ ವ್ಯಾಕರಣ ಅರೆದು ಕುಡಿದವರನ್ನು ಅವು ಮಾತಿನ ನಿಜವಾದ ಮಟ್ಟಕ್ಕಿಂತ ಮೇಲೆ ಕೂರಿಸುತ್ತವೆ.

ಓದಿನಿಂದ ಶುರುಮಾಡಿ. ನಿಮಗೆ ಬೇಕಾದ ಬಗೆಯ ಬರಹದಿಂದ, ಅದು ಸುದ್ದಿಯಿರಲಿ, ಯಂತ್ರದ ಕೈಪಿಡಿಯಿರಲಿ, 200 ಪದಗಳ ಭಾಗ ಆರಿಸಿ, ಗೊತ್ತಿಲ್ಲದ ಪದಗಳ ಕೆಳಗೆ ಗೆರೆ ಎಳೆಯಿರಿ. ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಆ ಬರಹ ನಿಮ್ಮ ಕೈಗೆ ಎಟಕುವಂಥದು. ಹತ್ತರ ಹತ್ತಿರ ಬಂದರೆ ನಿಘಂಟು ಹಿಡಿದು ಓದಬಹುದು. ಇಪ್ಪತ್ತು ದಾಟಿದರೆ ಅದು ನಿಮಗಿಂತ ಮೇಲಿನ ಮಟ್ಟದ್ದು, ಈಗ ಬದಿಗಿಡಿ.

ಆಲಿಸುವ ಪರೀಕ್ಷೆಗೆ ಮೂರು ನಿಮಿಷದ ಧ್ವನಿ ಸಾಕು, ಅದರ ಲಿಖಿತ ರೂಪವೂ ಸಿಗುವಂತಿರಬೇಕು. ಸಬ್‌ಟೈಟಲ್ ಇಲ್ಲದೆ ಒಮ್ಮೆ ಕೇಳಿ, ಅರ್ಥವಾದದ್ದನ್ನು ಕನ್ನಡದಲ್ಲೇ ಬರೆದಿಡಿ. ಆಮೇಲೆ ಲಿಖಿತ ರೂಪ ಓದಿ. ಓದಿದಾಗ ಪೂರ್ತಿ ಅರ್ಥವಾಗಿ ಕೇಳಿದಾಗ ಅರ್ಧ ತಪ್ಪಿದ್ದರೆ ಕೊರತೆ ಪದಗಳದ್ದಲ್ಲ, ಕಿವಿಯದ್ದು. ವೇಗದ ಮಾತಿನಲ್ಲಿ ‘ವಾಂಟ್ ಟು’ ‘ವಾನಾ’ ಆಗುತ್ತದೆ, ‘ಆಫ್’, ‘ಟು’, ‘ಹ್ಯಾವ್’ ಮುಂತಾದ ಸಣ್ಣ ಪದಗಳು ನುಂಗಿಹೋಗುತ್ತವೆ. ಇಂಥವರು ಪದಪಟ್ಟಿ ಉರು ಹೊಡೆದರೆ ಫಲವಿಲ್ಲ. ಅದೇ ತುಣುಕನ್ನು ಲಿಖಿತ ರೂಪದೊಂದಿಗೆ ಮತ್ತೆ ಮತ್ತೆ ಕೇಳಬೇಕು, ಅದೇ ಲಯದಲ್ಲಿ ಗಟ್ಟಿಯಾಗಿ ಹೇಳಬೇಕು. ಓದಿದಾಗಲೂ ಅರ್ಥವಾಗಲಿಲ್ಲವೆಂದರೆ ತುಣುಕೇ ಮೇಲಿನ ಮಟ್ಟದ್ದು. ಸಬ್‌ಟೈಟಲ್ ಹಾಕಿಕೊಂಡು ಸಿನಿಮಾ ನೋಡಿ ‘ಈಗ ಎಲ್ಲ ಅರ್ಥವಾಗುತ್ತದೆ’ ಎನ್ನುವವರು ಹೆಚ್ಚಾಗಿ ಮಾಡುತ್ತಿರುವುದು ಓದು.

ಮಾತಿಗೆ ಫೋನಿನ ರೆಕಾರ್ಡರ್ ಬಳಸಿ. ತಯಾರಿಯಿಲ್ಲದೆ ಎರಡೆರಡು ನಿಮಿಷದಂತೆ ಮೂರು ವಿಷಯ: ನಿನ್ನೆ ನಡೆದದ್ದನ್ನು ಹೇಳುವುದು, ಒಂದು ಅಭಿಪ್ರಾಯವನ್ನು ಕಾರಣ ಸಹಿತ ಮಂಡಿಸುವುದು, ಆಗದೇ ಹೋದದ್ದೊಂದು ಆಗಿದ್ದರೆ ಏನಾಗುತ್ತಿತ್ತು ಎಂದು ಊಹಿಸುವುದು. ಮೊದಲನೆಯದು ನಡೆದು ಎರಡನೆಯದು ಎಳೆದಾಡಿದರೆ ಎ2-ಬಿ1ರ ಗಡಿ. ಎರಡನೆಯದು ನಡೆದು ಮೂರನೆಯದರಲ್ಲಿ ವಾಕ್ಯ ಮುರಿದರೆ ಬಿ1-ಬಿ2ರ ಗಡಿ. ಒಂದು ದಿನ ಬಿಟ್ಟು ಕೇಳುವಾಗ ಮೌನ ಎಲ್ಲಿ ಬೀಳುತ್ತದೆಂದು ಗಮನಿಸಿ. ವಾಕ್ಯ ಮುಗಿದ ಮೇಲಿನ ಮೌನ ಯೋಚನೆಯದ್ದು, ಮನೆಮಾತಿನಲ್ಲೂ ಅದು ಇರುತ್ತದೆ. ವಾಕ್ಯದ ನಡುವೆ, ಕ್ರಿಯಾಪದಕ್ಕೋ ನಾಮಪದಕ್ಕೋ ಮೊದಲು ಬೀಳುವ ಮೌನ ಪದ ಹುಡುಕಾಟದ್ದು. ಅದು ಪದೇಪದೇ ಬಂದರೆ ಇನ್ನೂ ಬಿ1 ಎಂದೇ ಹಿಡಿಯಿರಿ. ಸಂಭಾಷಣೆಯ ಮಟ್ಟವನ್ನು ಮಾತ್ರ ಒಬ್ಬರೇ ಅಳೆಯಲಾಗದು, ನಡುವೆ ಬಾಯಿ ಹಾಕುವ ಇನ್ನೊಬ್ಬರು ಬೇಕೇ ಬೇಕು.

ಉಚ್ಚಾರಣೆಯ ಧಾಟಿಯನ್ನು ಮಟ್ಟವೆಂದು ಎಣಿಸುವುದು ಎಲ್ಲೆಡೆ ನಡೆಯುವ ಅನ್ಯಾಯ. ತಾಯ್ನುಡಿಯ ಛಾಯೆ ಮಾತಿನಲ್ಲಿದ್ದೂ ಸಿ1 ಆಗಿರಬಹುದು. ವಿದೇಶಿ ಧಾಟಿ ಅನುಕರಿಸುತ್ತಲೇ ಎ2ರಲ್ಲಿ ಉಳಿದವರೂ ಇದ್ದಾರೆ. ಸಿಇಎಫ್‌ಆರ್‌ನ 2020ರ ಪೂರಕ ಸಂಪುಟ ‘ಮಾತೃಭಾಷಿಕರಂತೆ’ ಎಂಬ ಅಳತೆಯನ್ನು ವಿವರಣೆಗಳಿಂದಲೇ ತೆಗೆದುಹಾಕಿದೆ. ಕೇಳುವವರಿಗೆ ತಿಳಿಯುತ್ತದೆಯೇ ಎಂಬುದು ಮುಖ್ಯ.

ಬರಹಕ್ಕೆ 40 ನಿಮಿಷ, 150 ಪದ, ಕಾಗದದ ಮೇಲೆ. ಫೋನಿನಲ್ಲೋ ಕಂಪ್ಯೂಟರಿನಲ್ಲೋ ಬರೆದರೆ ಅದೇ ತಿದ್ದಿಬಿಡುತ್ತದೆ, ಸಿಗುವುದು ಸಾಫ್ಟ್‌ವೇರಿನ ಮಟ್ಟ. ನಡೆದ ಘಟನೆಯನ್ನು ಕ್ರಮವಾಗಿ ಬರೆಯಬಲ್ಲವರು ಬಿ1, ಒಂದು ಪ್ರಸ್ತಾವದ ಪರ-ವಿರೋಧ ಎರಡನ್ನೂ ತೂಗಿ ನಿಲುವಿಗೆ ಬರಬಲ್ಲವರು ಬಿ2. ಇಡೀ ಅಂದಾಜನ್ನು ಎರಡು ವಾರ ಬಿಟ್ಟು ಇನ್ನೊಮ್ಮೆ ಮಾಡಿ, ಎರಡರಲ್ಲಿ ಕೆಳಗಿನದನ್ನು ಆರಿಸಿಕೊಳ್ಳಿ. ಉತ್ಸಾಹದ ದಿನ ಒಮ್ಮೆ ಸಾಧಿಸಿದ್ದು ಮಟ್ಟವಾಗುವುದಿಲ್ಲ, ದಣಿದ ದಿನವೂ ಕೈಗೆ ಬರುವುದೇ ನಿಮ್ಮದು.

ಬಿ1ರಲ್ಲಿ ವರ್ಷಗಟ್ಟಲೆ ನಿಂತವರ ಸಂಖ್ಯೆ ದೊಡ್ಡದು. ಅಲ್ಲಿ ಕೆಲಸ ನಡೆಯುತ್ತದೆ, ಅದೇ ತೊಂದರೆ. ತಪ್ಪಾಗಿ ಹೇಳಿದರೂ ಎದುರಿನವರು ಅರ್ಥಮಾಡಿಕೊಳ್ಳುತ್ತಾರೆ, ತಿದ್ದುವುದಿಲ್ಲ. ತಪ್ಪು ಬೇರು ಬಿಡುತ್ತದೆ. ಇಂಥವರು ಇನ್ನೊಂದು ‘ಸ್ಪೋಕನ್ ಇಂಗ್ಲಿಷ್’ ತರಗತಿಗೆ ಸೇರಿದರೆ ಗೊತ್ತಿರುವುದನ್ನೇ ಮತ್ತೆ ಕೇಳಿ ಬರುತ್ತಾರೆ. ಅಪರೂಪದ ಕಠಿಣ ಪದಗಳ ಪಟ್ಟಿಯೂ ನೆರವಾಗದು. ಬಿ2ಕ್ಕೆ ಬೇಕಾದದ್ದು ಗೊತ್ತಿರುವ ಪದಗಳ ಜೋಡಿ: ‘ಮೇಕ್ ಎ ಡಿಸಿಷನ್’, ‘ಟೇಕ್ ರೆಸ್ಪಾನ್ಸಿಬಿಲಿಟಿ’, ‘ಮೀಟ್ ಎ ಡೆಡ್‌ಲೈನ್’. ಬಿಡಿ ಪದ ಬರೆದುಕೊಳ್ಳುವ ಬದಲು ಜೋಡಿಯನ್ನೇ, ಅದು ಬಂದ ವಾಕ್ಯದೊಂದಿಗೆ ಬರೆದುಕೊಳ್ಳಬೇಕು. ವೇಗಕ್ಕೆ 4-3-2 ಎಂಬ ಹಳೆಯ ಅಭ್ಯಾಸವಿದೆ: ಒಂದೇ ವಿಷಯವನ್ನು ಒಬ್ಬರಿಗೆ ನಾಲ್ಕು ನಿಮಿಷ, ಬೇರೊಬ್ಬರಿಗೆ ಮೂರು, ಮತ್ತೊಬ್ಬರಿಗೆ ಎರಡು ನಿಮಿಷದಲ್ಲಿ ಹೇಳುವುದು. ಹೇಳಬೇಕಾದದ್ದು ಆಗಲೇ ಸಿದ್ಧವಾಗಿರುವುದರಿಂದ ಮನಸ್ಸು ಭಾಷೆಯತ್ತ ತಿರುಗುತ್ತದೆ. ಕೇಳುವವರು ಸಿಗದಿದ್ದರೆ ರೆಕಾರ್ಡರ್ ಆದೀತು. ಒಂದು ಬಾರಿಗೆ ಒಂದೇ ತಪ್ಪನ್ನು ಹಿಡಿಯುವುದು ಒಳ್ಳೆಯದು. ಈ ತಿಂಗಳು ಭೂತಕಾಲ, ಮುಂದಿನ ತಿಂಗಳು ಪ್ರಿಪೊಸಿಷನ್. ಎಲ್ಲವನ್ನೂ ಒಟ್ಟಿಗೆ ತಿದ್ದ ಹೊರಟವರ ಬಾಯಿ ಕಟ್ಟಿಹೋಗುತ್ತದೆ.

ಮಕ್ಕಳ ವಿಷಯದಲ್ಲಿ ಪೋಷಕರು, ಶಿಕ್ಷಕರು ಮೋಸಹೋಗುವುದು ಬೇರೆ ರೀತಿ. ಕೆನಡಾದ ಶಿಕ್ಷಣತಜ್ಞ ಜಿಮ್ ಕಮಿನ್ಸ್ 1979ರಲ್ಲಿ ದಿನಬಳಕೆಯ ಮಾತಿನ ಸಾಮರ್ಥ್ಯವನ್ನೂ ಪಾಠ ಕಲಿಯಲು ಬೇಕಾದ ಭಾಷಾ ಸಾಮರ್ಥ್ಯವನ್ನೂ ಬೇರ್ಪಡಿಸಿ ತೋರಿಸಿದರು. ಸುತ್ತಲೂ ಇಂಗ್ಲಿಷ್ ಇರುವ ಕಡೆ ಮೊದಲನೆಯದು ಒಂದೆರಡು ವರ್ಷದಲ್ಲಿ ಬಂದರೆ ಎರಡನೆಯದಕ್ಕೆ ಐದರಿಂದ ಏಳು ವರ್ಷ ಹಿಡಿಯುತ್ತದೆ. ಆಟದಲ್ಲಿ ಪಟಪಟ ಇಂಗ್ಲಿಷ್ ಆಡುವ ಮಗು ವಿಜ್ಞಾನದ ಪ್ರಶ್ನೆ ಓದಿ ಸುಮ್ಮನಾದರೆ ಅದನ್ನು ಸೋಮಾರಿಯೆಂದೋ ದಡ್ಡನೆಂದೋ ಕರೆಯುತ್ತೇವೆ. ಆ ಪ್ರಶ್ನೆಯನ್ನು ಮನೆಮಾತಿನಲ್ಲಿ ಕೇಳಿ ನೋಡಿ. ಉತ್ತರ ಬಂದರೆ ವಿಷಯ ಗೊತ್ತಿದೆ, ಭಾಷೆ ಅಡ್ಡ ಬಂದಿದೆ ಎಂದರ್ಥ. ಆ ಮಗುವಿಗೆ ಬೇಕಾದದ್ದು ಸ್ಪೋಕನ್ ಕ್ಲಾಸ್ ಅಲ್ಲ, ಪಾಠದ ಓದಿನಲ್ಲಿ ನೆರವು.

ಕೋರ್ಸ್ ನಡೆಸುವವರು ಜಾಹೀರಾತಿನಲ್ಲಿ ನಾಲ್ಕು ಸಂಗತಿ ಬರೆಯಲಿ: ಸೇರಲು ಬೇಕಾದ ಮಟ್ಟ, ಒಟ್ಟು ತರಗತಿ ಗಂಟೆ, ಮುಗಿದಾಗ ಯಾವ ಕೌಶಲದಲ್ಲಿ ಯಾವ ಮಟ್ಟ, ಅದನ್ನು ಅಳೆಯುವ ಬಗೆ. ಸೇರಿಸಿಕೊಳ್ಳುವ ಮೊದಲು ಐದು ನಿಮಿಷವಾದರೂ ಎದುರು ಕೂರಿಸಿ ಮಾತಾಡಿಸದ, ಒಂದು ಪುಟ ಬರೆಸದ ತರಗತಿಗೆ ಶುಲ್ಕ ಕಟ್ಟುವ ಮುನ್ನ ಯೋಚಿಸಬೇಕು. ಉದ್ಯೋಗ ಕೊಡುವವರೂ ‘ಉತ್ತಮ ಇಂಗ್ಲಿಷ್ ಕಡ್ಡಾಯ’ ಎಂದು ಬರೆದು ಕೈತೊಳೆದುಕೊಳ್ಳಬಾರದು. ಫೋನಿನಲ್ಲಿ ಗ್ರಾಹಕರ ದೂರು ಕೇಳುವ ಕೆಲಸಕ್ಕೆ ಆಲಿಸುವುದು, ಸಂಭಾಷಣೆ ಎರಡೂ ಬಿ2 ಬೇಕು, ಬರಹ ಬಿ1 ಇದ್ದರೆ ನಡೆಯುತ್ತದೆ. ಯಂತ್ರದ ಕೈಪಿಡಿ ನೋಡಿ ದುರಸ್ತಿ ಮಾಡುವವರಿಗೆ ಓದು ಬಿ1 ಸಾಕು, ಮಾತು ಎ2 ಆದರೂ ಕೆಲಸ ಕೆಡುವುದಿಲ್ಲ. ಹೀಗೆ ಕೌಶಲವಾರು ಬರೆದರೆ, ಸಂದರ್ಶನದಲ್ಲಿ ಇಂಗ್ಲಿಷ್ ಮಾತು ತಡವರಿಸಿತೆಂದು ಒಳ್ಳೆಯ ಮೆಕ್ಯಾನಿಕ್ಕನ್ನು ವಾಪಸು ಕಳಿಸುವ ಪ್ರಮೇಯ ಬಾರದು.

ಇಂತಿ,
ಇಬ್ಬರು ಇಂಗ್ಲಿಷ್ ಬೋಧಕರು